ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸೋದು ಹೇಗೆ?

ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇನ್ನು ಬಾನೆಟ್ ಒಳಗಿನ ಕಾವು ಕೇಳಲೇಬೇಡಿ. ಆ ಕಾವಿಗೆ ಟ್ಯಾಪೆಟ್ ಕವರ್‌ನ, ಅಂದರೆ ಎಂಜಿನ್ ತಲೆಯ ಮೇಲಿನ ಮುಚ್ಚಳದ, ರಬ್ಬರ್ ಪ್ಯಾಕಿಂಗ್ ವರ್ಷ ಕಳೆದಂತೆ ಗಟ್ಟಿಯಾಗಿ ಸೀಳುತ್ತದೆ, ಆಯಿಲ್ ಜಿನುಗತೊಡಗುತ್ತದೆ.

ಹೋದ ಬೇಸಿಗೆ ಬಾಗಲಕೋಟೆಗೆ ಹೊರಟಿದ್ದೆವು. ಕೋಲ್ಹಾರದ ಸೇತುವೆ ಹತ್ತಿರ ಬರುವಷ್ಟರಲ್ಲಿ ಸುಟ್ಟ ಎಣ್ಣೆಯ ವಾಸನೆ. ಬಾನೆಟ್ ಎತ್ತಿದರೆ, ಕವರ್ ಅಂಚಿನಿಂದ ಇಳಿದ ಆಯಿಲ್ ಎಕ್ಸಾಸ್ಟ್ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಬೋಲ್ಟ್ ಬಿಗಿದು ನೋಡಿದೆ, ನಿಲ್ಲಲಿಲ್ಲ. ಗಟ್ಟಿಯಾದ ರಬ್ಬರನ್ನು ಎಷ್ಟು ಒತ್ತಿದರೂ ಅದು ಸಂದು ತುಂಬುವುದಿಲ್ಲ. ಬದಲಿಸಲೇಬೇಕು.

ಇಲ್ಲಿ ಹೇಳುತ್ತಿರುವುದು ನಾಲ್ಕು ಸಿಲಿಂಡರಿನ ಸಾಮಾನ್ಯ ಪೆಟ್ರೋಲ್ ಕಾರಿನ ವಿಷಯ. ನಿಮ್ಮ ಮಾಡೆಲ್‌ನದೇ ಪ್ಯಾಕಿಂಗ್ ತನ್ನಿ. ಸ್ಪಾರ್ಕ್ ಪ್ಲಗ್ ಕೊಳವೆಯ ರಿಂಗುಗಳು ಬೇರೆ ಬರುತ್ತಿದ್ದರೆ ಅವನ್ನೂ ಕೇಳಿ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೆಲಸ ಶುರು ಮಾಡಿ. ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಪ್ಲಗ್‌ಗಳಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ತೆಗೆದು, ಕಾಯಿಲ್‌ಗಳನ್ನು ಇದ್ದ ಕ್ರಮದಲ್ಲೇ ಜೋಡಿಸಿಡಿ. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತದೆ. ಅದನ್ನು ಬಟ್ಟೆಯಿಂದ ಹೀರಿ ತೆಗೆಯಿರಿ. ಕವರ್‌ಗೆ ಸಿಕ್ಕಿಸಿದ ಹೊಗೆ ಪೈಪ್ (ಬ್ರೀದರ್ ಪೈಪ್) ಬಿಡಿಸುವಾಗ ಹುಷಾರು, ಹಳೇ ಪ್ಲಾಸ್ಟಿಕ್ ಮೂತಿ ಪಟ್ ಅಂತ ಮುರಿಯುತ್ತದೆ.

ಬೋಲ್ಟ್‌ಗಳು ಸಾಮಾನ್ಯವಾಗಿ 10 ನಂಬರ್ ಪಾನಾಕ್ಕೆ ಬರುತ್ತವೆ. ಅಂಚಿನಿಂದ ಒಳಗಡೆಗೆ ಸ್ವಲ್ಪ ಸ್ವಲ್ಪ ಸಡಿಲಿಸಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಬದಿಗೆ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಅಲ್ಯೂಮಿನಿಯಂಗೆ ಒಂದು ಗೀರು ಬಿದ್ದರೂ ಹೊಸ ಪ್ಯಾಕಿಂಗ್ ಅಲ್ಲೇ ಸೋರುತ್ತದೆ.

ಇನ್ನು ಮುಖ್ಯ ಕೆಲಸ, ಒರೆಸೋದು. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ. ಕವರ್ ಕೆಳಗೆ ಕಾಣುವ ಕ್ಯಾಮ್‌ಶಾಫ್ಟ್ (ವಾಲ್ವ್ ಆಡಿಸುವ ದಂಡ) ಮೇಲೆ ನೂಲು ಬಿಡದ ಬಟ್ಟೆ ಹಾಸಿ. ಕವರ್‌ನ ತೋಡಿನಲ್ಲಿ ಅಂಟಿದ ಹಳೇ ಚೂರುಗಳನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ, ಮರಳು ಕಾಗದ ಬೇಡ. ಆಮೇಲೆ ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಬೆರಳಾಡಿಸಿದರೆ ಜಿಡ್ಡು ಹತ್ತಬಾರದು. ಧೂಳು ಹಾರುವ ಊರಲ್ವಾ ನಮ್ಮದು, ಹಾಗಾಗಿ ತೆರೆದ ಎಂಜಿನ್ ಬಿಟ್ಟು ಊಟಕ್ಕೆ ಏಳಬೇಡಿ.

ಹೊಸ ಪ್ಯಾಕಿಂಗನ್ನು ತೋಡಿನಲ್ಲಿ ಸುತ್ತ ಒತ್ತಿ ಕೂರಿಸಿ. ಎಂಜಿನ್‌ನ ಎರಡು ಭಾಗ ಸೇರುವ ಮೂಲೆಗಳಿಗೆ ಮಾತ್ರ ಒಂದೊಂದು ಚುಕ್ಕೆ ಸಿಲಿಕಾನ್ ಪೇಸ್ಟ್ ಸಾಕು. ಜಾಸ್ತಿಯಾದದ್ದು ಒಳಗೆ ಬಿದ್ದು ಆಯಿಲ್ ದಾರಿಯನ್ನೇ ಕಟ್ಟಬಹುದು.

ಹಾಸಿದ ಬಟ್ಟೆ ತೆಗೆದು ಕವರ್ ನೇರವಾಗಿ ಇಳಿಸಿ. ಮೊದಲು ಬೋಲ್ಟ್‌ಗಳನ್ನೆಲ್ಲ ಕೈಯಿಂದಲೇ ತಿರುಗಿಸಿ. ಆಮೇಲೆ ನಡುವಿನಿಂದ ಅಂಚಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಅನೇಕ ಕಾರುಗಳಿಗೆ 8ರಿಂದ 10 ನ್ಯೂಟನ್ ಮೀಟರ್ ಬಿಗಿತ ಸಾಕು. ನಿಮ್ಮದರ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ನೋಡಿ, ಬಿಗಿತ ಅಳೆಯುವ ಟಾರ್ಕ್ ಪಾನಾ ಬಳಸಿ.

ಪೇಸ್ಟ್ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಕಾಯ್ದು, ಎಲ್ಲ ಜೋಡಿಸಿ ಎಂಜಿನ್ ಹಚ್ಚಿ. ಎಕ್ಸಾಸ್ಟ್ ಮೇಲೆ ಉಳಿದ ಹಳೇ ಆಯಿಲ್ ಸುಡುವ ತನಕ ವಾಸನೆ ಇರುತ್ತದೆ, ಗಾಬರಿ ಬೇಡ. ಎರಡು ದಿನ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಕವರ್‌ನ ಹಿಂದಿನ ಅಂಚಿಗೆ ಬಿಳಿ ಕಾಗದ ಒತ್ತಿ ನೋಡಿ. ನಮ್ಮ ಗಾಡಿಯ ಕಾಗದ ಬಿಳಿಯಾಗೇ ಬಂತು.