ರಿಬೇಟ್ ಚೆಕ್ಕುಗಳಿಂದ ಬೇಸ್‌ಮೆಂಟಿಗೆ ನೆಲಹಾಸು: ನನ್ನ ಅನುಭವ

ಅಂಚೆಯ ರಿಬೇಟನ್ನು (ಕೊಂಡ ಮೇಲೆ ರಸೀದಿಯನ್ನು ಅಂಚೆಯಲ್ಲಿ ಕಳುಹಿಸಿದರೆ ಬೆಲೆಯ ಒಂದು ಭಾಗ ಮರಳುವ ರಿಯಾಯಿತಿಯನ್ನು) ನಂಬಿ ಸಾಮಾನು ಕೊಳ್ಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಶಿಕಾಗೊ ಸುತ್ತಲಿನ ನಮ್ಮ ಕನ್ನಡದ ಗೆಳೆಯರು ಹೇಳುತ್ತಲೇ ಬಂದಿದ್ದರು. ನಮ್ಮ ಮನೆಯ ಬೇಸ್‌ಮೆಂಟಿನ ನೆಲಹಾಸಿಗೆ ತಗುಲಿದ ಹಣದಲ್ಲಿ ಅರ್ಧದಷ್ಟು ಆ ರಿಬೇಟಿನಿಂದಲೇ ಹುಟ್ಟಿದ್ದನ್ನು ಕಂಡ ಮೇಲೆ, ಅವರಲ್ಲೇ ಕೆಲವರು ನನ್ನ ಕ್ರಮವನ್ನು ಕೇಳತೊಡಗಿದ್ದಾರೆ.

ಮನೆ ಕಟ್ಟುವ, ದುರಸ್ತಿ ಮಾಡುವ ಸಾಮಾನು ಮಾರುವ ಮೆನಾರ್ಡ್ಸ್ ಅಂಗಡಿಯ 11% ರಿಬೇಟ್ ನಗದಾಗಿ ಬರುವುದಿಲ್ಲ. ಅಲ್ಲಿಯೇ ಖರ್ಚು ಮಾಡಬೇಕಾದ ಚೆಕ್ಕಾಗಿ ಬರುತ್ತದೆ. ಚೆಕ್ ಕೈಗೆ ಬಂದ ಮೇಲೆ ಏನು ಕೊಳ್ಳಲಿ ಎಂದು ಹುಡುಕುವವರಿಗೆ ಇದರಿಂದ ಲಾಭವಿಲ್ಲ. ಆದ್ದರಿಂದ ನಾನು ಕೆಲಸವನ್ನೇ ಕಂತುಗಳಾಗಿ ಒಡೆದು, ಒಂದು ಕಂತಿನ ಚೆಕ್ ಆರೆಂಟು ವಾರಗಳಲ್ಲಿ ಬರುವ ಹೊತ್ತಿಗೆ ಮುಂದಿನ ಕಂತಿನ ಸಾಮಾನು ಬೇಕಾಗುವಂತೆ ಹೊಂದಿಸಿದೆ. ಮೊದಲು ಗೋಡೆಯ ಚೌಕಟ್ಟಿಗೆ ಟು-ಬೈ-ಫೋರ್ ಮರ ಮತ್ತು ಚಳಿ ತಡೆಯುವ ಇನ್ಸುಲೇಶನ್, ಆಮೇಲೆ ಡ್ರೈವಾಲ್ (ಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ) ಮತ್ತು ಬಣ್ಣ. ಇವೆರಡಕ್ಕೆ ತೆರಿಗೆ ಬಿಟ್ಟು ಸುಮಾರು 5,500 ಡಾಲರ್ ಆಗಿ, ಹತ್ತಿರ ಹತ್ತಿರ 600 ಡಾಲರ್ ಮರಳಿತು. ವಿನೈಲ್ ನೆಲಹಾಸಿಗೆ 1,200ರ ಆಸುಪಾಸು ಬಿದ್ದಿತ್ತು. ಲೆಕ್ಕ ಹಾಕಿ ನೋಡಿ.

ಉಳಿದ ಡ್ರೈವಾಲನ್ನು ಹಿಂದಿರುಗಿಸಿದರೆ ಅದರ ರಿಬೇಟನ್ನೂ ಕಳೆದೇ ಹಣ ಕೊಡುತ್ತಾರೆ. ಹೆಚ್ಚಿಗೆ ಕೊಂಡು ಆಮೇಲೆ ನೋಡೋಣ ಎನ್ನುವುದಕ್ಕಿಂತ ಅಳತೆಯನ್ನು ಎರಡು ಬಾರಿ ತೆಗೆಯುವುದು ಲೇಸು. ರಸೀದಿಗಳನ್ನು ಒಂದೇ ಲಕೋಟೆಯಲ್ಲಿಯೂ ಬೇರೆ ಬೇರೆಯಾಗಿಯೂ ಕಳುಹಿಸಿ ನೋಡಿದೆ. ಚೆಕ್ಕುಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬಂದವು, ಆದರೂ ದೊಡ್ಡ ರಸೀದಿಗೆ ಈಗಲೂ ಪ್ರತ್ಯೇಕ ಲಕೋಟೆಯನ್ನೇ ಬಳಸುತ್ತೇನೆ, ಏಕೆಂದರೆ ಒಂದು ಲಕೋಟೆ ಕಳೆದುಹೋದರೆ ಅಂಚೆಚೀಟಿಯಲ್ಲಿ ಉಳಿಸಿದ ಹಣ ಯಾವ ಮೂಲೆಗೂ ಸಾಲದು. ಕಳುಹಿಸುವ ಮುನ್ನ ಪ್ರತಿಯೊಂದು ರಸೀದಿಯ ಫೋಟೊ ತೆಗೆದಿಡುತ್ತೇನೆ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಕಾರಿನ ಟೈರುಗಳಲ್ಲಿ. ನಾಲ್ಕು ಟೈರಿಗೆ ಟೈರ್ ಕಂಪನಿಯದೇ 70 ಡಾಲರ್ ರಿಬೇಟ್ ಇತ್ತು. ಗ್ಯಾರೇಜಿನವರು ಬಿಲ್ಲಿನಲ್ಲಿ ಟೈರಿನ ಮಾದರಿಯ ಹೆಸರನ್ನು ಪೂರ್ತಿ ಮುದ್ರಿಸಿರಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು, ತಿದ್ದಿದ ಬಿಲ್ ನನ್ನ ಕೈಗೆ ಸಿಗುವಷ್ಟರಲ್ಲಿ ಗಡುವು ಮುಗಿದಿತ್ತು. ಅಂದಿನಿಂದ ಅರ್ಜಿಯ ನಮೂನೆಯನ್ನು ಮುದ್ರಿಸಿಕೊಂಡೇ ಗ್ಯಾರೇಜಿಗೆ ಹೋಗುತ್ತೇನೆ. ಬಿಲ್ಲಿನಲ್ಲಿ ಮಾದರಿ, ಅಳತೆ, ದಿನಾಂಕ, ಪೂರ್ಣ ಪಾವತಿ ಎಲ್ಲವೂ ಕಾಣುವವರೆಗೆ ಹಣ ಕೊಡುವುದಿಲ್ಲ. ಎಂಟು ವಾರ ಕಳೆದರೂ ಉತ್ತರ ಬಾರದಿದ್ದರೆ ಮರುದಿನವೇ ಫೋನ್ ಮಾಡುತ್ತೇನೆ. ಆ ಕರೆಯಲ್ಲಿ ಮೊದಲು ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಇಲ್ಲಿ ಬರೆಯಲಾರೆ. ಎಲ್ಲರೂ ಅದನ್ನೇ ಕೇಳತೊಡಗಿದರೆ ಅದು ಕೆಲಸ ಮಾಡದು.

ಟೈರಿನ ರಿಬೇಟ್ ಪ್ರೀಪೇಯ್ಡ್ ಕಾರ್ಡಾಗಿ ಬಂದರೆ, ಅವಧಿ ಮುಗಿಯುವ ಮುನ್ನ ಅದರಲ್ಲಿ ಉಳಿದ ಚಿಲ್ಲರೆಯನ್ನು ಕೊನೆಯ ಸೆಂಟಿನವರೆಗೆ ಅಮೆಜಾನ್ ಗಿಫ್ಟ್ ಕಾರ್ಡ್ ಖಾತೆಗೆ ಹಾಕಿಬಿಡಿ.