ಬೇಲಿ ಸಾಲಿನ ತಂಗಡಿ: ನಾನು ಬೆಳೆಸಿದ ಬಗೆ

ಹಿರಿಯೂರಿನ ಹೊರಗೆ ನಮ್ಮದೊಂದು ಮುಕ್ಕಾಲು ಎಕರೆ ಜಾಗ ಇದೆ. ಮೇಲಿನ ಭಾಗ ಗರಸು ಮಣ್ಣು, ಕೆಳಕ್ಕೆ ಇಳಿದರೆ ಎರೆ. ಬೋರ್‌ವೆಲ್ ಇದೆ, ಆದರೆ ಮಾರ್ಚ್ ಬಂತೆಂದರೆ ಅರ್ಧ ಗಂಟೆಗೇ ನೀರು ನಿಲ್ಲುತ್ತದೆ. ಬೇಲಿಯ ಉದ್ದಕ್ಕೂ ಹೂವಿನ ಗಿಡ ಇರಬೇಕು ಅಂತ ನನಗೆ ಬಹಳ ಆಸೆ. ಮೊದಲ ವರ್ಷ ನರ್ಸರಿಯಿಂದ ದಾಸವಾಳ ತಂದು ನೆಟ್ಟೆ. ಏಪ್ರಿಲ್ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಅದೇ ಏಪ್ರಿಲ್‌ನಲ್ಲಿ ಬೇಲಿಯ ಆಚೆ, ಹಳ್ಳದ ದಂಡೆ ಮೇಲೆ, ತಂಗಡಿ ಗಿಡಗಳು ಹಸಿರಾಗಿ ನಿಂತಿದ್ದವು. ಅಲ್ಲೊಂದು ಇಲ್ಲೊಂದು ಹಳದಿ ಗೊಂಚಲೂ ಇತ್ತು. ಅವಕ್ಕೆ ಯಾರೂ ಒಂದು ಚೊಂಬು ನೀರು ಹಾಕಿದವರಲ್ಲ.

ತಂಗಡಿಯನ್ನು ಕೆಲವು ಕಡೆ ತಂಗಟೆ ಅನ್ನುತ್ತಾರೆ, ಇನ್ನು ಕೆಲವು ಕಡೆ ಆವರಿಕೆ, ಹೊನ್ನಾವರಿಕೆ. ತೆಲುಗರಿಗೆ ಇದು ತಂಗೇಡು. ಬತುಕಮ್ಮ ಹಬ್ಬದಲ್ಲಿ ಜೋಡಿಸುವ ಹೂವಿನ ರಾಶಿಗೆ ಇದು ಮುಖ್ಯ ಹೂ, ತೆಲಂಗಾಣದ ರಾಜ್ಯ ಪುಷ್ಪವೂ ಇದೇ. ತಮಿಳರು ಆವಾರಂ ಅನ್ನುತ್ತಾರೆ. ನಮ್ಮ ಮನೆಯಲ್ಲಿ ದೀಪಾವಳಿಗೆ ಸಗಣಿ ಉಂಡೆಯ ಮೇಲೆ ಅಣ್ಣೆ ಹೂವಿನ ಜೊತೆ ತಂಗಡಿ ಹೂ ಸಿಕ್ಕಿಸುವ ಪದ್ಧತಿ. ಚಿಕ್ಕವಳಿದ್ದಾಗ ಅಜ್ಜಿ ನನ್ನನ್ನೇ ತರಲು ಕಳಿಸುತ್ತಿದ್ದರು. ಊರು ದಾಟಿದರೆ ಸಾಕು, ಮಡಿಲು ತುಂಬ ಸಿಗುತ್ತಿತ್ತು. ಈಗ ಆ ಜಾಗವೆಲ್ಲ ಸೈಟು. ಬೇಲಿಗೆ ತಂಗಡಿಯನ್ನೇ ಬೆಳೆಸೋಣ ಅನ್ನಿಸಿದ್ದಕ್ಕೆ ಅದೂ ಒಂದು ಕಾರಣ.

ಹಳದಿ ಹೂ ಬಿಟ್ಟಿದ್ದೆಲ್ಲ ತಂಗಡಿ ಅಲ್ಲ. ಇದರ ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟ. ಆರಿಕ್ಯುಲೇಟ ಅಂದರೆ ಕಿವಿಯುಳ್ಳದ್ದು. ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಪುಟ್ಟ ಕಿವಿಯಂಥ ಎರಡು ಹಸಿರು ಎಲೆ ಇರುತ್ತವೆ. ನಾನು ಮೊದಲು ನೋಡುವುದು ಅದನ್ನೇ. ಕಾಯಿ ಚಪ್ಪಟೆ, ಒಣಗಿದರೆ ಕಾಗದದಷ್ಟು ತೆಳು. ಹಳದಿ ಹೂವಿನದೇ ಕಳೆ ಗಿಡ ತಗಚೆಯ ಕಾಯಿ ಸಣ್ಣಗೆ ಉದ್ದಕ್ಕೆ ಇರುತ್ತದೆ, ಗುರುತು ತಪ್ಪುವುದಿಲ್ಲ. ಇದೇ ಜಾತಿಯ ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನುವ ಹೊರದೇಶದ ಮರವೂ ಹಳದಿ ಹೂ ಬಿಡುತ್ತದೆ. ವಯನಾಡು, ಬಂಡೀಪುರದ ಕಾಡಿನೊಳಗೆ ಹಬ್ಬಿ ತೊಂದರೆ ಕೊಡುತ್ತಿರುವುದು ಅದೇ. ಯಾರಾದರೂ ಕೊಟ್ಟರೂ ಅದನ್ನು ನೆಡಬೇಡಿ.

ಶುರುವಿನಲ್ಲಿ ನಾನು ಹಿಡಿದದ್ದು ಸುಲಭದ ದಾರಿ. ಹಳ್ಳದ ದಂಡೆಯಿಂದ ಎರಡಡಿ ಎತ್ತರದ ಹನ್ನೊಂದು ಗಿಡ ಕೀಳಿಸಿದೆ. ಹಾರೆ ಹಾಕಿ ಎಷ್ಟು ಅಗೆದರೂ ತಾಯಿಬೇರಿನ ತುದಿ ಸಿಗಲಿಲ್ಲ. ಕೊನೆಗೆ ಬೇರು ಕತ್ತರಿಸಿಯೇ ತೆಗೆದೆವು. ತಂದು ನೆಟ್ಟು, ನೆರಳು ಮಾಡಿ, ದಿನಾ ನೀರು ಹಾಕಿದೆ. ವಾರದೊಳಗೆ ಎಲ್ಲವೂ ಒಣಗಿದವು. ದಂಡೆಯಲ್ಲಿ ನೆಮ್ಮದಿಯಾಗಿದ್ದ ಹನ್ನೊಂದು ಗಿಡ ನನ್ನ ಕೈಯಾರೆ ಹೋದವು ಅನ್ನುವ ಸಂಕಟ ಈಗಲೂ ಇದೆ. ಎರಡಡಿ ಗಿಡಕ್ಕೆ ಅದಕ್ಕಿಂತ ಉದ್ದದ ಬೇರು. ಬೇಸಿಗೆಯಲ್ಲಿ ಅದನ್ನು ಬದುಕಿಸುವುದು ಆ ಬೇರೇ ಅಲ್ವಾ? ಅದನ್ನು ಕತ್ತರಿಸಿದ ಮೇಲೆ ಮೇಲಿಂದ ಎಷ್ಟು ನೀರು ಸುರಿದರೂ ಸುಮ್ನೆ.

ಆಮೇಲೆ ಬೀಜಕ್ಕೆ ಬಂದೆ. ಜನವರಿಯಲ್ಲಿ ಒಣಗಿದ ಕಾಯಿ ಬಿಡಿಸಿ, ಜೂನ್‌ನಲ್ಲಿ ನೂರು ಬೀಜ ಎಣಿಸಿ ಊರಿದೆ. ಏಳು ಹುಟ್ಟಿದವು. ಬೀಜ ಕೆಟ್ಟಿರಬೇಕು ಅಂದುಕೊಂಡೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೆಲಸ ಮಾಡಿದ್ದ ಒಬ್ಬ ಅಣ್ಣ ನಮ್ಮ ಓಣಿಯಲ್ಲೇ ಇದ್ದಾರೆ. ಅವರಿಗೆ ತೋರಿಸಿದೆ. ಒಂದು ಬೀಜ ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡಿದರು. "ಬೀಜ ಚೆನ್ನಾಗೈತಮ್ಮ, ಸಿಪ್ಪೆ ಕಲ್ಲಾಗೈತೆ. ನೀರು ಒಳಗೆ ಹೋಗೋಕೆ ದಾರಿ ಮಾಡಿಕೊಡು" ಅಂದರು.

ದಾರಿ ಎರಡು ರೀತಿ ಮಾಡಬಹುದು. ಬೀಜ ಜಾಸ್ತಿ ಇದ್ದರೆ ಬಟ್ಟಲಿಗೆ ಹಾಕಿ, ಕುದಿಸಿ ಒಲೆಯಿಂದ ಇಳಿಸಿದ ನೀರು ಸುರಿದು ರಾತ್ರಿಯಿಡೀ ಬಿಡುವುದು. ಒಲೆಯ ಮೇಲೆ ಬೀಜವನ್ನೇ ಕುದಿಸಬಾರದು. ಕಡಿಮೆ ಇದ್ದರೆ ಉಗುರು ಕತ್ತರಿಸುವ ನೇಲ್ ಕಟರ್ ಸಾಕು. ಬೀಜದ ಒಂದು ತುದಿಯಲ್ಲಿ ಚೂರು ಮೊನಚು ಇರುತ್ತದೆ, ಮೊಳಕೆ ಬರುವುದು ಅಲ್ಲಿಂದ. ಅದನ್ನು ಬಿಟ್ಟು ಎದುರಿನ ತುದಿಯಲ್ಲಿ ಚೂರೇ ಚೂರು ಚಿವುಟಬೇಕು. ಕಂದು ಸಿಪ್ಪೆಯ ಕೆಳಗೆ ತಿಳಿ ಬಣ್ಣ ಕಂಡ ಕೂಡಲೇ ನಿಲ್ಲಿಸಿ. ರಾತ್ರಿ ನೆನೆಸಿದರೆ ಬೆಳಿಗ್ಗೆ ಬೀಜ ಎರಡರಷ್ಟು ಉಬ್ಬಿ, ಬೆರಳಿಗೆ ಜಾರುವ ಹಾಗೆ ಆಗಿರುತ್ತದೆ. ಉಬ್ಬದೆ ಉಳಿದದ್ದನ್ನು ಇನ್ನೊಮ್ಮೆ ಚಿವುಟಿ ನೆನೆಸುತ್ತೇನೆ. ಹೀಗೆ ಮಾಡಿದ ಮೇಲೆ ಹತ್ತು ದಿನದೊಳಗೆ ಮುಕ್ಕಾಲು ಪಾಲು ಬೀಜ ಹುಟ್ಟಿದವು.

ಬಿತ್ತುವ ಕಾಲವನ್ನೂ ಬದಲಾಯಿಸಿಕೊಂಡೆ. ನಮ್ಮ ಕಡೆ ಆಷಾಢದಲ್ಲಿ ಗಾಳಿಯೇ ಜಾಸ್ತಿ, ಮಳೆ ಕಡಿಮೆ. ಎಳೆ ಮೊಳಕೆ ಆ ಗಾಳಿಗೆ ತಡೆಯುವುದಿಲ್ಲ. ಈಗ ಮಘೆ ಮಳೆ ಒಂದು ಹದ ಬಿದ್ದ ಮೇಲೆ, ಅಂದರೆ ಆಗಸ್ಟ್ ಕೊನೆಗೆ ಬಿತ್ತುತ್ತೇನೆ. ಮುಂದೆ ಹುಬ್ಬೆ, ಉತ್ತರೆ, ಹಸ್ತ ಸಾಲಾಗಿ ಇರುತ್ತವೆ. ಬೇರು ಇಳಿಯಲು ಅಷ್ಟು ಸಾಕು. ಗುಂಡಿಯನ್ನು ಒಂದಡಿ ಆಳ ಸಡಿಲ ಮಾಡಿ ಅದೇ ಮಣ್ಣು ವಾಪಸ್ ತುಂಬುತ್ತೇನೆ. ಗೊಬ್ಬರ ಹಾಕುವುದಿಲ್ಲ. ಅರ್ಧ ಇಂಚು ಆಳಕ್ಕೆ ಮೂರು ಬೀಜ, ಗುಂಡಿಯಿಂದ ಗುಂಡಿಗೆ ನಾಲ್ಕಡಿ. ಒಂದು ತಿಂಗಳಿಗೆ ಗಟ್ಟಿ ಸಸಿ ಒಂದನ್ನು ಉಳಿಸಿ ಉಳಿದವನ್ನು ಕತ್ತರಿಯಿಂದ ಕತ್ತರಿಸುತ್ತೇನೆ. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ. ಪ್ಯಾಕೆಟ್‌ನಲ್ಲೇ ಬೆಳೆಸಬೇಕು ಅನ್ನುವವರು ಉದ್ದನೆಯ ಪ್ಯಾಕೆಟ್ ತಂದು, ಬೇರು ತಳ ಮುಟ್ಟುವ ಮೊದಲೇ ನೆಲಕ್ಕೆ ಇಳಿಸಿಬಿಡಿ.

ನೀರಿನ ವಿಷಯದಲ್ಲಿ ನನ್ನ ಕೈ ಸ್ವಲ್ಪ ಧಾರಾಳ. ಮನೆ ಮುಂದಿನ ಆರು ಗಿಡಕ್ಕೆ ಡ್ರಿಪ್ ಎಳೆದು, ಕೊಟ್ಟಿಗೆ ಗೊಬ್ಬರವನ್ನೂ ಹಾಕಿದ್ದೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ಬೇಲಿ ಹತ್ತಿರ ನಿಂತು, "ಅಲ್ಲ ಕಣವ್ವ, ತಂಗಡಿಗೂ ನೀರು ಬಿಡ್ತಾರೇನವ್ವ?" ಅಂದರು. ಆ ಆರೂ ಗಿಡ ಆಳೆತ್ತರ ಬೆಳೆದವು. ಆದರೆ ಬರೀ ಎಲೆ, ಕೊಂಬೆ ಮೆತ್ತಗೆ, ಗಾಳಿಗೆ ಒಂದು ಕಡೆ ವಾಲಿದವು. ಗರಸಿನಲ್ಲಿ ಸೊಂಟದೆತ್ತರ ಇದ್ದ ಗಿಡಗಳು ಅದೇ ಹೊತ್ತಿಗೆ ಎಲೆ ಕಾಣದ ಹಾಗೆ ಹೂ ಬಿಟ್ಟಿದ್ದವು. ಕೆಳಗಿನ ಎರೆಯಲ್ಲಿ ನೆಟ್ಟ ನಾಲ್ಕಂತೂ ಅಕ್ಟೋಬರ್ ಮಳೆಗೆ ನೀರು ನಿಂತು ಸತ್ತವು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕಪ್ಪಗಾಗಿ ಕೈಗೆ ಸುಲಿದು ಬಂತು. ಈಗ ನನ್ನ ಕ್ರಮ ಇಷ್ಟು. ಮೊದಲ ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಬುಡಕ್ಕೆ ಅರ್ಧ ಬಕೆಟ್ ನೀರು. ಎರಡನೇ ವರ್ಷದಿಂದ ಒಂದು ಹನಿಯೂ ಇಲ್ಲ. ನೀರು ನಿಲ್ಲುವ ಕಡೆ ನೆಡುವುದಿಲ್ಲ.

ಹೂ ಬಂದ ಮೇಲೆ ಬೆಳಿಗ್ಗೆ ಒಂದು ಸಲ ಗಿಡದ ಹತ್ತಿರ ಸುಮ್ಮನೆ ನಿಲ್ಲಿ. ಐದು ಎಸಳು, ಅಂಚು ಸುಕ್ಕುಸುಕ್ಕು, ಒಳಗೆ ಕಿತ್ತಳೆ ಬಣ್ಣದ ಸಣ್ಣ ಗೆರೆ. ಹತ್ತು ಕೇಸರಗಳಲ್ಲಿ ಕೆಳಗಿನ ಮೂರು ಉದ್ದ, ಕೊಕ್ಕಿನ ಹಾಗೆ ಬಾಗಿರುತ್ತವೆ. ಈ ಹೂವಿನಲ್ಲಿ ಜೇನು ಇರುವುದಿಲ್ಲ, ಬರೀ ಪರಾಗ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ ಬಂದಿಯಾಗಿರುತ್ತದೆ. ಮರ ಕೊರೆಯುವ ಆ ದಪ್ಪ ಕಪ್ಪು ದುಂಬಿ ಬರುತ್ತದಲ್ಲ, ಅದು ಹೂವನ್ನು ಕಾಲಿನಿಂದ ತಬ್ಬಿ ಹಿಡಿದು ಮೈ ನಡುಗಿಸುತ್ತದೆ. ಹಾರುವಾಗ ಇದ್ದ ಸದ್ದು ಒಮ್ಮೆಲೇ ಸಣ್ಣಗಾಗಿ, ಚೂಪಾಗಿ, "ಝೀಂಯ್" ಅನ್ನುತ್ತದೆ. ಆ ನಡುಕಕ್ಕೆ ಪರಾಗ ಉದುರಿ ದುಂಬಿಯ ಹೊಟ್ಟೆಯ ಕೆಳಗೆಲ್ಲ ಹಳದಿ ಪುಡಿ. ಎರಡು ಮೂರು ಕ್ಷಣ, ಮತ್ತೆ ಪಕ್ಕದ ಹೂ. ಮೊದಲ ದಿನ ಇದನ್ನು ನೋಡುತ್ತಾ ನಿಂತವಳು ಒಲೆ ಮೇಲೆ ಹಾಲಿಟ್ಟದ್ದನ್ನೇ ಮರೆತೆ.

ಎಳೆ ಎಲೆಯ ಮೇಲೆ ಅಕ್ಕಿ ನುಚ್ಚಿನ ಹಾಗೆ ಬಿಳಿ ಮೊಟ್ಟೆ ನೆಟ್ಟಗೆ ನಿಂತಿದ್ದರೆ ಗಾಬರಿ ಬೇಡ. ತಿಳಿ ಹಸಿರು ಮಿಶ್ರಿತ ಬಿಳಿ ಚಿಟ್ಟೆಯೊಂದು ಇಡುವ ಮೊಟ್ಟೆ ಅದು. ಮೊದಲ ಸಲ ಹಸಿರು ಹುಳುಗಳನ್ನು ಕಂಡು ಬೇವಿನೆಣ್ಣೆ ಸಿಂಪಡಿಸಿದೆ. ಮಾರನೇ ವರ್ಷ ಬಿಟ್ಟು ನೋಡಿದೆ. ಎರಡು ಗಿಡ ಬೋಳಾದವು, ಮೂರು ವಾರಕ್ಕೆ ಮತ್ತೆ ಚಿಗುರಿದವು. ಬೇಲಿ ತುಂಬ ಚಿಟ್ಟೆ. ಅಂದಿನಿಂದ ಏನನ್ನೂ ಸಿಂಪಡಿಸಿಲ್ಲ.

ಮೂರನೇ ವರ್ಷಕ್ಕೆ ಬುಡ ಬೋಳಾಗಿ ಹೂವೆಲ್ಲ ತುದಿಗೆ ಹೋಗುತ್ತದೆ. ಫೆಬ್ರವರಿಯಲ್ಲಿ ಬೀಜ ಬಿಡಿಸಿಕೊಂಡ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತೇನೆ. ಈ ವರ್ಷ ಅರ್ಧ ಸಾಲು, ಮುಂದಿನ ವರ್ಷ ಇನ್ನರ್ಧ. ಚಿಟ್ಟೆಗೂ ದುಂಬಿಗೂ ಏನಾದರೂ ಉಳಿಯಬೇಕಲ್ಲ. ಕತ್ತರಿಸಿದ ಸೊಪ್ಪು ನಿಂಬೆ ಗಿಡದ ಬುಡಕ್ಕೆ ಹೋಗುತ್ತದೆ. ಹಿಂದೆ ಗದ್ದೆಗೆ ಹಸಿರು ಗೊಬ್ಬರ ಅಂತ ಇದನ್ನೇ ತುಳಿಯುತ್ತಿದ್ದರು, ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಹೂವಿನ ಎಸಳು ನೆರಳಲ್ಲಿ ಒಣಗಿಸಿ ಕಷಾಯ ಮಾಡುವವರೂ ಇದ್ದಾರೆ, ನಾನೂ ಆಗಾಗ ಕುಡಿಯುತ್ತೇನೆ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಬೀಜ ಇಡುವಾಗ ಕಾಯಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಗುಂಡುಸೂಜಿಯಷ್ಟು ತೂತಿದ್ದರೆ ಹುಳು ಬಿದ್ದಿದೆ ಅಂತಲೇ. ಒಳ್ಳೆಯದನ್ನು ಒಲೆ ಬೂದಿಯಲ್ಲಿ ಕಲಸಿ ಡಬ್ಬಿಗೆ ಹಾಕುತ್ತೇನೆ.

ಹೋದ ವಾರ ಪಕ್ಕದ ತೋಟದ ಅಕ್ಕ ಬಂದು, "ಸಾಲಿನಲ್ಲಿ ಎರಡು ಗಿಡ ಕಿತ್ತು ಕೊಡೇ" ಅಂದರು. "ಗಿಡ ಬೇಡ ಅಕ್ಕ, ಬೀಜ ತಗೊಂಡು ಹೋಗಿ" ಅಂದೆ. ಜಗಲಿ ಮೇಲೆ ಕೂತು ಇಬ್ಬರೂ ನಲವತ್ತು ಬೀಜ ಚಿವುಟಿದೆವು. ಪೇಪರಲ್ಲಿ ಕಟ್ಟಿ ಕೊಟ್ಟು, "ಇವತ್ತು ರಾತ್ರಿಯೇ ನೆನೆಹಾಕಿ, ಚಿವುಟಿದ ಬೀಜ ಇಟ್ಟರೆ ಕೆಡುತ್ತದೆ" ಅಂತ ಹೇಳಿದೆ. ಹುಬ್ಬೆ ಮಳೆ ಆಗಲೇ ಒಂದು ಹದ ಬಿದ್ದಿತ್ತು.