ಮ್ಯಾಮೊಗ್ರಾಂ ರಿಪೋರ್ಟ್‌ನಲ್ಲಿ ‘ಸೊನ್ನೆ’ ಬಂದರೆ ಮುಂದೇನು?

ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಮಾಡಿಸಿ ಬಂದಿದ್ದೀರಿ. ಎರಡು ದಿನ ಬಿಟ್ಟು ಫೋನ್ ಬರುತ್ತದೆ: ‘ಇನ್ನೊಂದೆರಡು ಚಿತ್ರ ತೆಗೀಬೇಕು, ಬರ್ತೀರಾ?’ ಎದೆ ಧಸಕ್ಕೆನ್ನುತ್ತದೆ. ಯಾಕೆ ಅಂತ ಕೇಳುವುದೂ ಮರೆತುಹೋಗುತ್ತದೆ, ಅಲ್ವಾ? ಹೀಗೆ ಮತ್ತೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಹಾಗಂತ ಸುಮ್ನೆ ಕೂರುವಂತೆಯೂ ಇಲ್ಲ.

ಮೊದಲು ಅಂಕಿ ನೋಡಿ

ರಿಪೋರ್ಟ್‌ನ ಕೊನೆಯಲ್ಲಿ ‘ಬೈರಾಡ್ಸ್’ (BI-RADS, ಸ್ತನದ ಚಿತ್ರದಲ್ಲಿ ಕಂಡದ್ದನ್ನು ಅಂಕಿಯಲ್ಲಿ ಹೇಳುವ ಪದ್ಧತಿ) ಅಂತ ಬರೆದು ಪಕ್ಕದಲ್ಲಿ 0ಯಿಂದ 6ರವರೆಗಿನ ಒಂದು ಅಂಕಿ ಹಾಕಿರುತ್ತಾರೆ. 1 ಅಥವಾ 2 ಇದ್ದರೆ ಚಿಂತೆಯಿಲ್ಲ. 3 ಅಂದರೆ ಬಹುತೇಕ ನಿರಪಾಯ. ಕ್ಯಾನ್ಸರ್ ಇರುವ ಸಾಧ್ಯತೆ ಶೇ 2ಕ್ಕಿಂತ ಜಾಸ್ತಿ ಇಲ್ಲ. 4 ಮತ್ತು 5ಕ್ಕೆ ಬಯಾಪ್ಸಿ, ಅಂದರೆ ಚೂರು ಅಂಗಾಂಶ ತೆಗೆದು ಪರೀಕ್ಷಿಸುವುದು, ಬೇಕು. 6 ಬರುವುದು ಕ್ಯಾನ್ಸರ್ ಆಗಲೇ ಖಚಿತವಾದವರಿಗೆ.

ಜನ ತಪ್ಪು ತಿಳಿಯುವುದು 0 ವಿಷಯದಲ್ಲಿ. ಕೆಲವರು ‘ಏನೂ ಇಲ್ಲ’ ಅಂದುಕೊಂಡು ರಿಪೋರ್ಟ್ ಎತ್ತಿಡುತ್ತಾರೆ. ಕೆಲವರು ರಾತ್ರಿಯೆಲ್ಲ ಅಳುತ್ತಾರೆ. ಎರಡೂ ಸರಿಯಲ್ಲ. ‘ಈ ಚಿತ್ರಗಳಷ್ಟರಿಂದಲೇ ಹೇಳಲಾಗದು, ಇನ್ನೂ ನೋಡಬೇಕು’ ಅನ್ನುವುದಷ್ಟೇ ಅದರ ಅರ್ಥ. ಸ್ತನದ ಅಂಗಾಂಶ ಒಂದರ ಮೇಲೊಂದು ಮಡಚಿಕೊಂಡರೂ ಗಂಟಿನ ಹಾಗೆ ಕಾಣುತ್ತದೆ. ಕೆಲವರ ಸ್ತನದಲ್ಲಿ ಕೊಬ್ಬು ಕಡಿಮೆ, ದಟ್ಟ ಅಂಗಾಂಶ ಜಾಸ್ತಿ. ಚಿತ್ರದಲ್ಲಿ ಅದೂ ಬಿಳಿ, ಗಂಟೂ ಬಿಳಿ. ಯಾವುದು ಯಾವುದು ಅಂತ ಬಿಡಿಸುವುದು ಕಷ್ಟ.

ಹಳೆ ಚಿತ್ರಗಳನ್ನು ಹುಡುಕಿ

ನನ್ನ ಪ್ರಕಾರ ಎಲ್ಲಕ್ಕಿಂತ ಲಾಭದ ಕೆಲಸ ಇದೇ. ಹಿಂದೆ ಬೇರೆ ಕಡೆ ಮ್ಯಾಮೊಗ್ರಾಂ ಆಗಿದ್ದರೆ ಆ ಫಿಲ್ಮ್ ಅಥವಾ ಸಿಡಿ ತನ್ನಿ. ಬರೀ ರಿಪೋರ್ಟ್ ಹಾಳೆ ಸಾಲದು. ಈಗ ಕಂಡ ಚುಕ್ಕೆ ವರ್ಷಗಳಿಂದ ಅಲ್ಲೇ, ಅಷ್ಟೇ ಇದ್ದರೆ ಕೆಲವೊಮ್ಮೆ ವಿಷಯ ಅಲ್ಲಿಗೇ ಮುಗಿಯುತ್ತದೆ.

ಮತ್ತೆ ಹೋದ ದಿನ

ಕಂಕುಳಿಗೆ ಪೌಡರ್, ಡಿಯೋಡರೆಂಟ್ ಬೇಡ. ಅದರ ಕಣಗಳು ಫಿಲ್ಮ್ ಮೇಲೆ ಸ್ತನದೊಳಗೆ ಕಟ್ಟಿಕೊಳ್ಳುವ ಸುಣ್ಣದ (ಕ್ಯಾಲ್ಸಿಯಂ) ಕಣಗಳಂತೆ ಕಂಡು ಇನ್ನೊಂದು ಗೊಂದಲ ಹುಟ್ಟಿಸುತ್ತವೆ.

ಈ ಸಲ ಅನುಮಾನ ಬಂದ ಜಾಗವನ್ನಷ್ಟೇ ಚಿಕ್ಕ ಪ್ಲೇಟಿನಿಂದ ಒತ್ತುತ್ತಾರೆ. ಕೆಲವು ಸೆಕೆಂಡು ನೋವಾಗಬಹುದು. ಮಡಚಿಕೊಂಡಿದ್ದ ಅಂಗಾಂಶವೇ ಆಗಿದ್ದರೆ ಹರಡಿಕೊಂಡು, ‘ಗಂಟು’ ಮಾಯವಾಗುತ್ತದೆ. ಸುಣ್ಣದ ಕಣಗಳಿದ್ದರೆ ದೊಡ್ಡದಾಗಿಸಿ ತೆಗೆದು ಅವುಗಳ ಆಕಾರ, ಗುಂಪು ನೋಡುತ್ತಾರೆ. ಆಮೇಲೆ ಬೇಕಿದ್ದರೆ ಅಲ್ಟ್ರಾಸೌಂಡ್. ಒಳಗಿರುವುದು ನೀರು ತುಂಬಿದ ಗುಳ್ಳೆಯೋ ಗಟ್ಟಿ ಗಂಟೋ ಅಂತ ಅದರಲ್ಲಿ ಗೊತ್ತಾಗುತ್ತದೆ. ಬರೀ ನೀರಿನ ಗುಳ್ಳೆಯಾದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ.

ಹೊರಡುವ ಮುಂಚೆ ಕೇಳಿ: ಯಾವ ಸ್ತನದಲ್ಲಿ, ಏನು ಕಂಡಿದೆ? ಈಗ ಅಂಕಿ ಎಷ್ಟು? ಮುಂದಿನದು ಯಾವಾಗ? ಉತ್ತರ ಬರೆದುಕೊಳ್ಳಿ. ಗಾಬರಿಯಲ್ಲಿ ಕೇಳಿದ್ದು ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತದೆ.

3 ಅಂತ ಬಂದರೆ

ಸಾಮಾನ್ಯವಾಗಿ 6 ತಿಂಗಳಾದ ಮೇಲೊಮ್ಮೆ, ಆಮೇಲೆ 12 ಮತ್ತು 24 ತಿಂಗಳಿಗೆ ನೋಡುತ್ತಾರೆ. ‘ಪರವಾಗಿಲ್ಲ ಅಂದರಲ್ಲ’ ಅಂತ ತಪ್ಪಿಸಿಕೊಳ್ಳುವುದು ಇಲ್ಲೇ ಜಾಸ್ತಿ. ತಾರೀಖನ್ನು ಅವತ್ತೇ ಫೋನಿಗೆ ಹಾಕಿಕೊಳ್ಳಿ.

ಬಯಾಪ್ಸಿ ಅಂದರೆ

ಆ ಜಾಗ ಮರಗಟ್ಟಿಸಿ, ಸೂಜಿಯಿಂದ ಸಣ್ಣ ಎಳೆಯಷ್ಟು ಅಂಗಾಂಶ ತೆಗೆಯುತ್ತಾರೆ. ಹೆಚ್ಚಾಗಿ ಅವತ್ತೇ ಮನೆಗೆ ಬರಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಫಲಿತಾಂಶ ‘ನಿರಪಾಯ’ ಅಂತ ಬಂದರೆ ‘ಚಿತ್ರದಲ್ಲಿ ಕಂಡದ್ದಕ್ಕೂ ಇದಕ್ಕೂ ತಾಳೆ ಆಗ್ತಿದೆಯಾ?’ ಅಂತ ಕೇಳಿ. ತಾಳೆಯಾಗದಿದ್ದರೆ ಮತ್ತೊಮ್ಮೆ ಅಂಗಾಂಶ ತೆಗೆಯಬೇಕಾಗಬಹುದು.

ಇನ್ನೊಂದು ಮಾತು. ಕೈಗೆ ಗಂಟು ಸಿಗುತ್ತಿದ್ದರೆ, ಮೊಲೆತೊಟ್ಟಿನಿಂದ ರಕ್ತ ಬರುತ್ತಿದ್ದರೆ, ರಿಪೋರ್ಟ್‌ನಲ್ಲಿ 1 ಇದ್ದರೂ ಡಾಕ್ಟರಿಗೆ ತೋರಿಸಿ. ಮ್ಯಾಮೊಗ್ರಾಂಗೆ ಎಲ್ಲವೂ ಕಾಣುವುದಿಲ್ಲ.